ಆರೈಕೆ ಕೇಂದ್ರಗಳ ಅಡುಗೆಮನೆ ನೈರ್ಮಲ್ಯ ಮತ್ತು ಉಪಕರಣ ನಿರ್ವಹಣೆ

ಆಸ್ಪತ್ರೆ, ವೃದ್ಧಾಶ್ರಮ, ಉಪಶಾಮಕ ಆರೈಕೆ ಕೇಂದ್ರ, ಮಾನಸಿಕ ಆರೋಗ್ಯ ಸಂಸ್ಥೆ, ವಿಶೇಷಚೇತನರ ವಸತಿಗೃಹ, ಮಕ್ಕಳ ಪಾಲನಾ ಸಂಸ್ಥೆ ಮುಂತಾದೆಡೆ ನಿವಾಸಿಗಳಿಗಾಗಿ ಸಾಮೂಹಿಕವಾಗಿ ಅಡುಗೆ ಮಾಡುವ ಜಾಗವನ್ನೂ ಅಲ್ಲಿನ ಪಾತ್ರೆ, ಒಲೆ, ಯಂತ್ರಗಳನ್ನೂ ರೋಗ ಹರಡದಂತೆ, ಅಪಘಾತವಾಗದಂತೆ ಇರಿಸಿಕೊಳ್ಳುವ ವ್ಯವಸ್ಥಿತ ಕ್ರಮಗಳಿಗೆ ಆರೈಕೆ ಕೇಂದ್ರಗಳ ಅಡುಗೆಮನೆ ನೈರ್ಮಲ್ಯ ಎನ್ನುತ್ತಾರೆ. ಸ್ಥಳದ ಶುಚಿತ್ವ, ಆಹಾರದ ತಾಪಮಾನ ನಿಯಂತ್ರಣ, ಉಪಕರಣಗಳ ದುರಸ್ತಿ ಮತ್ತು ತಪಾಸಣೆ, ಸಿಬ್ಬಂದಿಯ ಆರೋಗ್ಯ, ದಾಖಲೆ ನಿರ್ವಹಣೆ ಇವು ಇದರ ಐದು ಅಂಗಗಳು. ಹೋಟೆಲಿನ ಗ್ರಾಹಕ ಇಷ್ಟವಾಗದಿದ್ದರೆ ಬೇರೆಡೆಗೆ ಹೋಗಬಲ್ಲ. ಆರೈಕೆ ಕೇಂದ್ರದ ನಿವಾಸಿ ಮೂರು ಹೊತ್ತೂ ಒಂದೇ ಅಡುಗೆಮನೆಯ ಊಟ ಮಾಡಬೇಕಾಗುತ್ತದೆ, ಅವರ ದೇಹದ ರೋಗನಿರೋಧಕ ಶಕ್ತಿಯೂ ಹಲವೊಮ್ಮೆ ಕುಂದಿರುತ್ತದೆ. ಆದ್ದರಿಂದ ಇಲ್ಲಿ ಸಾಮಾನ್ಯ ಭೋಜನಾಲಯಕ್ಕಿಂತ ಬಿಗಿಯಾದ ಕ್ರಮಗಳು ಬೇಕಾಗುತ್ತವೆ.

ಪರಿಭಾಷೆ

ಕಣ್ಣಿಗೆ ಕಾಣುವ ಕೊಳೆ, ಜಿಡ್ಡು, ಆಹಾರದ ತುಣುಕುಗಳನ್ನು ನೀರು ಮತ್ತು ಮಾರ್ಜಕದಿಂದ ತೆಗೆಯುವುದು ಶುಚಿಗೊಳಿಸುವಿಕೆ. ಶುಚಿಯಾದ ಮೇಲ್ಮೈಯ ಮೇಲೆ ಉಳಿದ ರೋಗಾಣುಗಳ ಸಂಖ್ಯೆಯನ್ನು ಶಾಖದಿಂದಲೋ ರಾಸಾಯನಿಕದಿಂದಲೋ ಸುರಕ್ಷಿತ ಮಟ್ಟಕ್ಕೆ ಇಳಿಸುವುದು ಸೋಂಕುನಿವಾರಣೆ. ಎಲ್ಲ ಬಗೆಯ ಸೂಕ್ಷ್ಮಜೀವಿಗಳನ್ನೂ ಪೂರ್ತಿ ನಾಶಪಡಿಸುವ ಕ್ರಿಮಿಶುದ್ಧೀಕರಣವು ಶಸ್ತ್ರಚಿಕಿತ್ಸಾ ಕೊಠಡಿಯ ಅಗತ್ಯ. ಅಡುಗೆಮನೆಗೆ ಸಾಮಾನ್ಯವಾಗಿ ಮೊದಲಿನ ಎರಡು ಸಾಕು. ಹಸಿ ಪದಾರ್ಥದಿಂದ, ಕೈಯಿಂದ ಅಥವಾ ಉಪಕರಣದಿಂದ ರೋಗಾಣುಗಳು ಬೆಂದ ಆಹಾರಕ್ಕೆ ದಾಟುವುದಕ್ಕೆ ಅಡ್ಡ ಮಾಲಿನ್ಯ ಎಂದು ಹೆಸರು. ಉಪಕರಣ ಕೆಡುವ ಮೊದಲೇ ನಿಗದಿತ ಅವಧಿಗೆ ಬಿಚ್ಚಿ ಪರೀಕ್ಷಿಸಿ ಸರಿಪಡಿಸುವುದು ಮುನ್ನೆಚ್ಚರಿಕೆಯ ನಿರ್ವಹಣೆ, ಕೆಟ್ಟ ಮೇಲೆ ಸರಿಪಡಿಸುವುದು ದುರಸ್ತಿ.

ಹಿನ್ನೆಲೆ ಮತ್ತು ಬೆಳವಣಿಗೆ

ಆಧುನಿಕ ಆಸ್ಪತ್ರೆ ಅಡುಗೆಮನೆಯ ಸುಧಾರಣೆ ಕ್ರಿಮಿಯಾ ಯುದ್ಧದ ಕಾಲದಲ್ಲಿ ಗಮನ ಸೆಳೆಯಿತು. 1854ರಲ್ಲಿ ಸ್ಕುಟಾರಿಯ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದ ಫ್ಲಾರೆನ್ಸ್ ನೈಟಿಂಗೇಲ್ ರೋಗಿಗಳ ಆಹಾರವನ್ನು ಶುಶ್ರೂಷೆಯ ಭಾಗವೆಂದೇ ಪರಿಗಣಿಸಿದರು. ಮರುವರ್ಷ ಲಂಡನ್ನಿನ ಪ್ರಸಿದ್ಧ ಬಾಣಸಿಗ ಅಲೆಕ್ಸಿಸ್ ಸೋಯರ್ ಅಲ್ಲಿಗೆ ಹೋಗಿ ಆಸ್ಪತ್ರೆಯ ಅಡುಗೆಮನೆಗಳನ್ನು ಮರುಸಂಘಟಿಸಿದರು.

ಅಡುಗೆ ಮಾಡುವವರ ಆರೋಗ್ಯವೂ ನೈರ್ಮಲ್ಯದ ಅಂಗವೆಂಬುದನ್ನು ಮೇರಿ ಮ್ಯಾಲನ್ ಪ್ರಕರಣ ತೋರಿಸಿತು. ರೋಗಲಕ್ಷಣಗಳಿಲ್ಲದೆ ಟೈಫಾಯ್ಡ್ ರೋಗಾಣುವನ್ನು ಹೊತ್ತಿದ್ದ ಈ ಅಡುಗೆಯಾಕೆ 1915ರಲ್ಲಿ ನ್ಯೂಯಾರ್ಕಿನ ಸ್ಲೋನ್ ಮಹಿಳಾ ಆಸ್ಪತ್ರೆಯಲ್ಲಿ ಬೇರೆ ಹೆಸರಿನಿಂದ ಕೆಲಸಕ್ಕಿದ್ದಾಗ 25 ಮಂದಿಗೆ ಸೋಂಕು ತಗಲಿ, ಇಬ್ಬರು ಮೃತಪಟ್ಟರು.

ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿದ್ದ ಸ್ಟ್ಯಾನ್ಲಿ ರಾಯ್ಡ್ ಮಾನಸಿಕ ಆಸ್ಪತ್ರೆಯಲ್ಲಿ 1984ರ ಆಗಸ್ಟ್‌ನಲ್ಲಿ ಉಂಟಾದ ಸಾಲ್ಮೊನೆಲ್ಲ ಸೋಂಕು ಈ ಕ್ಷೇತ್ರದ ಕಾನೂನನ್ನೇ ಬದಲಿಸಿತು. ಬೇಯಿಸಿದ ಮಾಂಸವನ್ನು ಬೆಚ್ಚಗಿನ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಹೊರಗಿಟ್ಟು ಬಡಿಸಿದ್ದರಿಂದ 355 ರೋಗಿಗಳೂ 106 ಸಿಬ್ಬಂದಿಯೂ ಅಸ್ವಸ್ಥರಾದರು. 19 ರೋಗಿಗಳು ಸತ್ತರು. ಅಡುಗೆಮನೆ ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡದಲ್ಲಿತ್ತು. ಸರ್ಕಾರಿ ಆಸ್ಪತ್ರೆಗಳಿಗೆ ಅಂದು ಆಹಾರ ಕಾನೂನಿನಿಂದ ವಿನಾಯಿತಿ ಇತ್ತು. ಸಾರ್ವಜನಿಕ ವಿಚಾರಣೆಯ ನಂತರ 1986ರ ತಿದ್ದುಪಡಿ ಕಾಯ್ದೆ ಆ ವಿನಾಯಿತಿಯನ್ನು ತೆಗೆದುಹಾಕಿತು.

ಇದೇ ಅವಧಿಯಲ್ಲಿ ತಪಾಸಣೆಯ ವಿಧಾನವೂ ಬದಲಾಗುತ್ತಿತ್ತು. ಗಗನಯಾತ್ರಿಗಳ ಆಹಾರ ಸುರಕ್ಷಿತವಾಗಿರಬೇಕೆಂದು ಅಮೆರಿಕದ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಸೇನಾ ಪ್ರಯೋಗಾಲಯಗಳು 1960ರ ದಶಕದಲ್ಲಿ ರೂಪಿಸಿದ ‘ಅಪಾಯ ವಿಶ್ಲೇಷಣೆ ಮತ್ತು ನಿರ್ಣಾಯಕ ನಿಯಂತ್ರಣ ಘಟ್ಟ’ ಪದ್ಧತಿ, ಅಂದರೆ ಹ್ಯಾಸಪ್, ಸಿದ್ಧವಾದ ಆಹಾರವನ್ನು ಪರೀಕ್ಷಿಸುವ ಬದಲು ತಯಾರಿಯ ಯಾವ ಹಂತದಲ್ಲಿ ಅಪಾಯ ಹುಟ್ಟಬಹುದೆಂದು ಮೊದಲೇ ಗುರುತಿಸಿ ಅಲ್ಲೇ ತಡೆಯುತ್ತದೆ. ಅಂತರರಾಷ್ಟ್ರೀಯ ಆಹಾರ ಸಂಹಿತೆಯನ್ನು ರೂಪಿಸುವ ಕೋಡೆಕ್ಸ್ ಆಯೋಗ 1993ರಲ್ಲಿ ಇದರ ಮಾರ್ಗಸೂಚಿಯನ್ನು ಅಂಗೀಕರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಶುಚಿತ್ವ, ಹಸಿ ಮತ್ತು ಬೆಂದ ಆಹಾರಗಳ ಬೇರ್ಪಡಿಕೆ, ಪೂರ್ತಿ ಬೇಯಿಸುವಿಕೆ, ಸುರಕ್ಷಿತ ತಾಪಮಾನ, ಸುರಕ್ಷಿತ ನೀರು ಮತ್ತು ಪದಾರ್ಥ ಎಂಬ ಐದು ಸೂತ್ರಗಳನ್ನು ಪ್ರಕಟಿಸಿತು.

ಅಪಾಯದ ಸ್ವರೂಪ

ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಬಹುದು. ಆಮ್ಲ ತಗ್ಗಿಸುವ ಔಷಧಿಗಳೂ ಇದೇ ಪರಿಣಾಮ ಬೀರುತ್ತವೆ. ಆಗ ಆರೋಗ್ಯವಂತರಿಗೆ ಏನೂ ಮಾಡದಷ್ಟು ರೋಗಾಣುಗಳೇ ಕಾಯಿಲೆ ತರಬಹುದು. ವಾಂತಿಭೇದಿಯಿಂದಾಗುವ ನಿರ್ಜಲೀಕರಣವನ್ನು ವೃದ್ಧರು, ಶಿಶುಗಳು, ಮೂತ್ರಪಿಂಡದ ರೋಗಿಗಳು ತಾಳಿಕೊಳ್ಳಲಾರರು. ಬುದ್ಧಿಮಾಂದ್ಯ ಅಥವಾ ಮರೆವಿನ ಕಾಯಿಲೆ ಇರುವವರು ಆಹಾರ ಹಳಸಿದೆ ಎಂದು ಗುರುತಿಸಲಾರರು, ಹೊಟ್ಟೆನೋವನ್ನು ಹೇಳಿಕೊಳ್ಳಲೂ ಆಗದಿರಬಹುದು.

ಸಾಮೂಹಿಕ ಅಡುಗೆಯಲ್ಲಿ ಮುಖ್ಯವಾಗಿ ಕಂಡುಬರುವ ರೋಗಕಾರಕಗಳು ಇವು:

• ಬ್ಯಾಸಿಲಸ್ ಸೀರಿಯಸ್: ಅಕ್ಕಿಯಲ್ಲಿರುವ ಇದರ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಕೊಠಡಿಯ ಶಾಖದಲ್ಲಿ ಉಳಿದರೆ ಮೊಳೆತು ವಿಷ ಉತ್ಪಾದಿಸುತ್ತವೆ. ಮತ್ತೆ ಬಿಸಿ ಮಾಡಿದರೂ ವಾಂತಿ ತರುವ ಆ ವಿಷ ನಾಶವಾಗುವುದಿಲ್ಲ.
• ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್: ದೊಡ್ಡ ಕೊಳಗಗಳಲ್ಲಿ ನಿಧಾನವಾಗಿ ತಣಿಯುವ ಮಾಂಸದ ಸಾರು, ಬೇಳೆ, ಗಸಿಗಳಲ್ಲಿ ಬೆಳೆಯುತ್ತದೆ.
• ಸ್ಟೆಫೈಲೊಕಾಕಸ್ ಆರಿಯಸ್: ಕೈಯ ಗಾಯ, ಮೂಗು, ಚರ್ಮದಿಂದ ಆಹಾರಕ್ಕೆ ಸೇರುತ್ತದೆ.
• ಸಾಲ್ಮೊನೆಲ್ಲ: ಹಸಿ ಮೊಟ್ಟೆ, ಕೋಳಿಮಾಂಸದಿಂದ ಬರುತ್ತದೆ.
• ಲಿಸ್ಟೀರಿಯ: ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಗರ್ಭಿಣಿಯರಿಗೂ ವೃದ್ಧರಿಗೂ ಮಾರಕವಾಗಬಲ್ಲದು.
• ನೊರೊವೈರಸ್: ಅತ್ಯಲ್ಪ ಪ್ರಮಾಣದಲ್ಲೇ ಸೋಂಕು ತರುತ್ತದೆ. ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗದ ಕಾರಣ ಸೋಪಿನಿಂದ ಕೈ ತೊಳೆಯುವುದೇ ಮುಖ್ಯ ತಡೆ.

ಜೈವಿಕ ಅಪಾಯಗಳ ಜೊತೆಗೆ ರಾಸಾಯನಿಕ ಮತ್ತು ಭೌತಿಕ ಅಪಾಯಗಳೂ ಇವೆ. 2022ರಲ್ಲಿ ಕ್ಯಾಲಿಫೋರ್ನಿಯಾದ ಹಿರಿಯರ ವಸತಿಗೃಹವೊಂದರಲ್ಲಿ ಶುಚಿಗೊಳಿಸುವ ದ್ರಾವಣವನ್ನು ಹಣ್ಣಿನ ರಸವೆಂದು ಭಾವಿಸಿ ಕೊಟ್ಟದ್ದರಿಂದ ಸಾವು ಸಂಭವಿಸಿತು. ಸ್ಟೀಲ್ ನಾರಿನ ತುಂಡು, ಸಡಿಲಗೊಂಡ ತಿರುಪು, ಒಡೆದ ಬಲ್ಬಿನ ಗಾಜು ಭೌತಿಕ ಅಪಾಯಗಳಿಗೆ ಉದಾಹರಣೆ.

ಅಡುಗೆ ವ್ಯವಸ್ಥೆಯ ವಿಧಗಳು

ಮಾಡಿ ಬಡಿಸುವ ಪದ್ಧತಿ: ಅಡುಗೆಯಾದ ಕೂಡಲೇ ಬಿಸಿಯಾಗಿ ಬಡಿಸಲಾಗುತ್ತದೆ. ಕರ್ನಾಟಕದ ವೃದ್ಧಾಶ್ರಮಗಳಲ್ಲೂ ಸಣ್ಣ ಆಸ್ಪತ್ರೆಗಳಲ್ಲೂ ಇದು ಸಾಮಾನ್ಯ. ತಂಪು ಸಂಗ್ರಹದ ಅವಲಂಬನೆ ಕಡಿಮೆ, ಆದರೆ ಉಳಿದ ಆಹಾರದ ನಿರ್ವಹಣೆಯಲ್ಲಿ ಎಚ್ಚರ ಬೇಕು.

ಬೇಯಿಸಿ ತಣಿಸುವ ಪದ್ಧತಿ: ಅಡುಗೆಯನ್ನು ಶೀಘ್ರ ಶೀತಲ ಯಂತ್ರದಲ್ಲಿ ತಣಿಸಿ, ಬೇಕಾದಾಗ ಬಿಸಿ ಮಾಡಲಾಗುತ್ತದೆ. ಬ್ರಿಟಿಷ್ ಮಾರ್ಗಸೂಚಿಯಂತೆ 90 ನಿಮಿಷಗಳೊಳಗೆ 0ರಿಂದ 3 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬೇಕು. ತಯಾರಾದ ದಿನ ಮತ್ತು ಬಳಸುವ ದಿನ ಸೇರಿ ಐದು ದಿನಗಳಿಗಿಂತ ಹೆಚ್ಚು ಇಡಬಾರದು.

ಕೇಂದ್ರ ಅಡುಗೆಮನೆ ಪದ್ಧತಿ: ಒಂದೆಡೆ ಮಾಡಿ ಬಿಸಿ ಡಬ್ಬಗಳಲ್ಲಿ ಹಲವೆಡೆಗೆ ಸಾಗಿಸಲಾಗುತ್ತದೆ. ಸಾಗಣೆಯ ಅವಧಿಯಲ್ಲಿ ಆಹಾರ ತಣಿಯುವುದೇ ಇದರ ಮುಖ್ಯ ಅಪಾಯ.

ದಾನದ ಆಹಾರ: ಹುಟ್ಟುಹಬ್ಬ, ತಿಥಿ, ಮದುವೆಗಳ ನೆಪದಲ್ಲಿ ದಾನಿಗಳು ಆಶ್ರಮಗಳಿಗೆ ಸಿದ್ಧ ಆಹಾರ ತರುವ ರೂಢಿ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ತಯಾರಾದ ಸಮಯ, ಸಾಗಿಸಿದ ರೀತಿ, ತಲುಪಿದಾಗಿನ ಬಿಸಿ ನೋಡಿ ಸ್ವೀಕರಿಸಬೇಕಾಗುತ್ತದೆ. ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಗೆ ಭಾರತದಲ್ಲಿ 2019ರಲ್ಲಿ ಪ್ರತ್ಯೇಕ ನಿಬಂಧನೆಗಳು ಬಂದಿವೆ.

ಅಡುಗೆಮನೆಯ ರಚನೆ

ಪದಾರ್ಥ ಒಂದು ಬದಿಯಿಂದ ಬಂದು, ಉಗ್ರಾಣ, ತೊಳೆಯುವ ಜಾಗ, ಹೆಚ್ಚುವ ಜಾಗ, ಒಲೆ, ಬಡಿಸುವ ಜಾಗಗಳನ್ನು ದಾಟಿ ಇನ್ನೊಂದು ಬದಿಯಿಂದ ಹೊರಹೋಗುವಂತೆ ಇರುವುದು ಉತ್ತಮ ವಿನ್ಯಾಸ. ಎಂಜಲು ಪಾತ್ರೆಗಳೂ ಕಸವೂ ಬೆಂದ ಆಹಾರದ ದಾರಿಗೆ ಅಡ್ಡ ಬರಬಾರದು. ನೆಲ ಜಾರದಂತಿದ್ದು ಚರಂಡಿಯ ಕಡೆಗೆ ಇಳಿಜಾರಾಗಿರಬೇಕು, ಗೋಡೆ ತೊಳೆಯಬಹುದಾದದ್ದಾಗಿರಬೇಕು, ಕಿಟಕಿಗೆ ಸೊಳ್ಳೆಪರದೆ, ಚರಂಡಿಯ ಬಾಯಿಗೆ ಜಾಲರಿ, ದೀಪಗಳಿಗೆ ಒಡೆಯದ ಮುಚ್ಚಳ ಇರಬೇಕು. ಕೈ ತೊಳೆಯಲು ಪ್ರತ್ಯೇಕ ತೊಟ್ಟಿ, ಅಲ್ಲಿ ಸೋಪು ಮತ್ತು ಕೈ ಒರೆಸುವ ಕಾಗದ ಅಗತ್ಯ. ಉಗ್ರಾಣದಲ್ಲಿ ಧಾನ್ಯದ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಜೋಡಿಸಿ, ಮೊದಲು ಬಂದದ್ದನ್ನು ಮೊದಲು ಬಳಸುತ್ತಾರೆ. ಔಷಧಿಗಳನ್ನು ಆಹಾರದ ಫ್ರಿಜ್‌ನಲ್ಲಿ ಇಡುವುದು ನಿಷಿದ್ಧ.

ತಾಪಮಾನ ನಿಯಂತ್ರಣ

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ತಾಪಮಾನವನ್ನು ಅಪಾಯ ವಲಯವೆನ್ನುತ್ತಾರೆ. ಬೆಂದ ಆಹಾರ ಈ ವಲಯದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ತಪಾಸಣಾ ಪಟ್ಟಿಯಂತೆ, ತಣಿಸಬೇಕಾದ ಆಹಾರವನ್ನು ಎರಡು ಗಂಟೆಯೊಳಗೆ 60ರಿಂದ 21 ಡಿಗ್ರಿಗೆ, ಮತ್ತೆರಡು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಬೇಕು. ಮತ್ತೆ ಬಿಸಿ ಮಾಡುವಾಗ ಒಳಭಾಗ 75 ಡಿಗ್ರಿ ತಲುಪಿ ಎರಡು ನಿಮಿಷವಾದರೂ ಹಾಗೆಯೇ ಇರಬೇಕು. ತಣ್ಣಗಾದ ಸಾರಿಗೆ ಬಿಸಿನೀರು ಬೆರೆಸುವುದನ್ನು ಬಿಸಿ ಮಾಡಿದಂತೆ ಪರಿಗಣಿಸುವುದಿಲ್ಲ. ಆಳವಾದ ಕೊಳಗದಿಂದ ಅಗಲ ತಟ್ಟೆಗಳಿಗೆ ಸುರಿದು ಹರಡಿದರೆ ಆಹಾರ ಬೇಗ ತಣಿಯುತ್ತದೆ. ಫ್ರೀಜರ್‌ನ ತಾಪಮಾನ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರಬೇಕು.

ಅಳೆಯುವ ತಾಪಮಾಪಕವೇ ತಪ್ಪಿದ್ದರೆ ಈ ಅಂಕಿಗಳಿಗೆ ಅರ್ಥವಿಲ್ಲ. ಪುಡಿಮಾಡಿದ ಐಸ್ ಮತ್ತು ನೀರಿನ ಮಿಶ್ರಣದಲ್ಲಿ ಅದ್ದಿದಾಗ ಅದು 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನ ಪರೀಕ್ಷೆಯಲ್ಲಿ ಊರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಸಮುದ್ರಮಟ್ಟದ ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ಶುಚಿಗೊಳಿಸುವ ಕ್ರಮ

ಎಂಜಲು ತೆಗೆಯುವುದು, ಮಾರ್ಜಕ ಹಾಕಿ ಉಜ್ಜುವುದು, ಸ್ವಚ್ಛ ನೀರಿನಿಂದ ತೊಳೆಯುವುದು, ಸೋಂಕುನಿವಾರಣೆ, ಗಾಳಿಯಲ್ಲಿ ಒಣಗಿಸುವುದು ಎಂಬ ಐದು ಹಂತಗಳು ಎಲ್ಲ ಮೇಲ್ಮೈಗಳಿಗೂ ಅನ್ವಯಿಸುತ್ತವೆ. ಜಿಡ್ಡು ಉಳಿದ ಕಡೆ ಕ್ಲೋರಿನ್ ಕೆಲಸ ಮಾಡುವುದಿಲ್ಲವಾದ್ದರಿಂದ ಹಂತಗಳ ಕ್ರಮ ಬದಲಿಸುವಂತಿಲ್ಲ. ಶೇ. 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು ಲೀಟರ್ ನೀರಿಗೆ 1 ಮಿಲಿಲೀಟರ್ ಬೆರೆಸಿದರೆ ದಶಲಕ್ಷಕ್ಕೆ 50 ಭಾಗ, 2 ಮಿಲಿಲೀಟರ್ ಬೆರೆಸಿದರೆ 100 ಭಾಗ ಕ್ಲೋರಿನ್ ದೊರೆಯುತ್ತದೆ. ತರಕಾರಿ ತೊಳೆಯಲು ಮೊದಲನೆಯದು ಸಾಕು. ಆಹಾರ ತಾಗುವ ಮೇಲ್ಮೈಗಳಿಗೆ 50ರಿಂದ 100 ಭಾಗ ಬಳಸುತ್ತಾರೆ. ದ್ರಾವಣ ಹಳೆಯದಾದಷ್ಟೂ ಕ್ಲೋರಿನ್‌ನ ಸತ್ವ ಇಳಿಯುವುದರಿಂದ ಪ್ರತಿದಿನ ಹೊಸದಾಗಿ ಬೆರೆಸಬೇಕು. ಬ್ಲೀಚಿಂಗ್ ದ್ರಾವಣವನ್ನು ಆಮ್ಲ ಅಥವಾ ಅಮೋನಿಯ ಇರುವ ಕ್ಲೀನರ್ ಜೊತೆ ಬೆರೆಸಿದರೆ ವಿಷಾನಿಲ ಹೊರಡುತ್ತದೆ. ರಾಸಾಯನಿಕಗಳನ್ನು ನೀರಿನ ಬಾಟಲಿಗೆ ತುಂಬದೆ ಮೂಲ ಡಬ್ಬದಲ್ಲೇ ಬೀಗ ಹಾಕಿ ಇಡಬೇಕು.

ಕೈಯಿಂದ ಪಾತ್ರೆ ತೊಳೆಯುವಲ್ಲಿ ಮೂರು ತೊಟ್ಟಿಗಳ ಪದ್ಧತಿ ಇದೆ: ಮೊದಲನೆಯದು ಉಜ್ಜಲು, ಎರಡನೆಯದು ಜಾಲಿಸಲು, ಮೂರನೆಯದು ಸೋಂಕುನಿವಾರಣೆಗೆ. ಮೂರನೆಯ ತೊಟ್ಟಿಯಲ್ಲಿ ಕ್ಲೋರಿನ್ ಬದಲು ಬಿಸಿನೀರು ಬಳಸುವುದಾದರೆ 77 ಡಿಗ್ರಿಯಲ್ಲಿ 30 ಸೆಕೆಂಡು ಮುಳುಗಿಸಬೇಕು. ಪಾತ್ರೆ ತೊಳೆಯುವ ಯಂತ್ರದ ಕೊನೆಯ ಜಾಲಾಟದ ನೀರು ಸುಮಾರು 82 ಡಿಗ್ರಿ ಇರಬೇಕು. ಬಿಸಿ ಪಾತ್ರೆ ಇಳಿಸುವುದಕ್ಕೂ ಕಟ್ಟೆ ಒರೆಸುವುದಕ್ಕೂ ಕೈ ಒರೆಸುವುದಕ್ಕೂ ಒಂದೇ ಮಸಿಬಟ್ಟೆ ಬಳಸುವುದು ಅಡ್ಡ ಮಾಲಿನ್ಯದ ಸಾಮಾನ್ಯ ಮೂಲ. ಆದ್ದರಿಂದ ಕೆಲಸಕ್ಕೊಂದು ಬಣ್ಣದ ಬಟ್ಟೆ ಗೊತ್ತುಮಾಡಿ, ದಿನವೂ ಕುದಿಸಿ ಒಣಗಿಸುತ್ತಾರೆ. ಹೆಚ್ಚುವ ಮಣೆಗಳಿಗೂ ಇದೇ ಬಣ್ಣದ ವಿಂಗಡಣೆ ಇದೆ. ಅಂತರರಾಷ್ಟ್ರೀಯ ರೂಢಿಯಲ್ಲಿ ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ, ಸೊಪ್ಪು ಮತ್ತು ಹಣ್ಣಿಗೆ ಹಸಿರು.

ಒಲೆ, ಕಟ್ಟೆ, ನೆಲ, ಸಿಂಕ್‌ಗಳು ದಿನದ ಪಟ್ಟಿಗೆ ಸೇರುತ್ತವೆ. ಫ್ರಿಜ್‌ನ ಒಳಭಾಗ, ಉಗ್ರಾಣದ ಕಪಾಟು, ಚಿಮಣಿಯ ಫಿಲ್ಟರ್ ವಾರದ ಪಟ್ಟಿಗೆ ಸೇರುತ್ತವೆ. ಚಾವಣಿ, ಯಂತ್ರಗಳ ಹಿಂಬದಿ, ಚರಂಡಿಯ ಒಳಭಾಗಗಳಿಗೆ ತಿಂಗಳ ಪಟ್ಟಿ ಇರುತ್ತದೆ. ನೀರಿನ ತೊಟ್ಟಿ ಮತ್ತು ಸಂಪ್ ತೊಳೆಯುವ ದಿನಾಂಕವನ್ನು ಪ್ರತ್ಯೇಕವಾಗಿ ಬರೆದಿಡಬೇಕು.

ಉಪಕರಣಗಳ ನಿರ್ವಹಣೆ

ತಂಪು ಯಂತ್ರಗಳು: ಬಾಗಿಲಿನ ರಬ್ಬರ್ ಪಟ್ಟಿ ಸಡಿಲವಾದರೆ ತಂಪು ಸೋರುತ್ತದೆ. ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆದಾಗ ಸುಲಭವಾಗಿ ಬಂದರೆ ಪಟ್ಟಿ ಬದಲಿಸಬೇಕು. ಹಿಂಬದಿಯ ಕಂಡೆನ್ಸರ್ ಸುರುಳಿಯ ಧೂಳು ತೆಗೆಯದಿದ್ದರೆ ಕಂಪ್ರೆಸರ್ ಬಿಸಿಯಾಗಿ ತಂಪು ಇಳಿಯುತ್ತದೆ. ಗಾಳಿ ಆಡದಷ್ಟು ತುಂಬಿದ ಫ್ರಿಜ್ ಸರಿಯಾಗಿ ತಂಪಾಗುವುದಿಲ್ಲ. ವಿದ್ಯುತ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಂಪು ಹಿಡಿದಿಡುತ್ತದೆ. ಜನರೇಟರ್ ಸಂಪರ್ಕದ ಪಟ್ಟಿಯಲ್ಲಿ ಇವೂ ಸೇರಿರಬೇಕು.

ಒಲೆ ಮತ್ತು ಅನಿಲ: ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರ್‌ಗಳನ್ನು ಕಟ್ಟಡದ ಹೊರಗೆ, ಗಾಳಿಯಾಡುವೆಡೆ ನೆಟ್ಟಗೆ ನಿಲ್ಲಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾಗಿರುವುದರಿಂದ ಸೋರಿದಾಗ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ನೆಲಮಾಳಿಗೆಯಲ್ಲಿ ಇಡಬಾರದು, ಸೋರಿಕೆ ಸೂಚಕವನ್ನು ನೆಲಕ್ಕೆ ಸಮೀಪದಲ್ಲೇ ಅಳವಡಿಸಬೇಕು. ರಬ್ಬರ್ ಸುರಕ್ಷಾ ಪೈಪಿನ ಬಳಕೆಯ ಅವಧಿ 5 ವರ್ಷ. ಬರ್ನರ್‌ನ ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ರಂಧ್ರಗಳು ಕಟ್ಟಿವೆ ಎಂದರ್ಥ.

ಆವಿ ಉಪಕರಣಗಳು: ಇಡ್ಲಿ ಸ್ಟೀಮರ್, ಅನ್ನದ ಆವಿ ಪಾತ್ರೆ, ಬಾಯ್ಲರ್‌ಗಳಲ್ಲಿ ಕೊಳವೆಬಾವಿಯ ಗಡಸು ನೀರಿನಿಂದ ಸುಣ್ಣದ ಪೊರೆ ಕಟ್ಟುತ್ತದೆ. ಸಿಟ್ರಿಕ್ ಆಮ್ಲದ ದ್ರಾವಣದಿಂದ ಅದನ್ನು ತೆಗೆಯುತ್ತಾರೆ. ಸುರಕ್ಷತಾ ಕವಾಟ ಮತ್ತು ಒತ್ತಡಮಾಪಕಗಳ ಪರೀಕ್ಷೆ ಕಡ್ಡಾಯವಾಗಿ ನಡೆಯಬೇಕು. ನಿಗದಿತ ಗಾತ್ರ ಮತ್ತು ಒತ್ತಡ ಮೀರಿದ ಬಾಯ್ಲರ್‌ಗಳು ಬಾಯ್ಲರ್ ಕಾನೂನಿನ ತಪಾಸಣೆಗೆ ಒಳಪಡುತ್ತವೆ.

ರುಬ್ಬುವ ಮತ್ತು ಹೆಚ್ಚುವ ಯಂತ್ರಗಳು: ವೆಟ್ ಗ್ರೈಂಡರ್‌ನ ಕಲ್ಲಿನ ಸಂದು, ಮಿಕ್ಸಿ ಜಾರಿನ ಬ್ಲೇಡಿನ ಅಡಿ, ತರಕಾರಿ ಹೆಚ್ಚುವ ಯಂತ್ರದ ತಟ್ಟೆಗಳಲ್ಲಿ ಹಿಟ್ಟು ಸಿಕ್ಕಿಕೊಂಡು ರೋಗಾಣುಗಳು ಅಂಟುಪದರವಾಗಿ ಬೆಳೆಯುತ್ತವೆ. ಪ್ಲಗ್ ಕಿತ್ತು, ಭಾಗಗಳನ್ನು ಬಿಚ್ಚಿ ತೊಳೆಯಬೇಕು.

ಪಾತ್ರೆಗಳು: ತುಕ್ಕು ಹಿಡಿಯದ ಉಕ್ಕು ಹೆಚ್ಚು ಸೂಕ್ತ. ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಿಗೆ ಕಲಾಯಿ ಸವೆಯುವ ಮುನ್ನ ಮತ್ತೆ ಹಾಕಿಸಬೇಕು. ಹುಣಸೆ ಹುಳಿಯ ಅಡುಗೆಗಳನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು. ಸೀಳು ಬಿಟ್ಟ ಮಣೆ, ನೆಗ್ಗಿದ ಡಬ್ಬ, ಹಿಡಿ ಸಡಿಲಾದ ಸೌಟು ಬಳಕೆಯಿಂದ ಹೊರಗಿಡತಕ್ಕವು.

ಚಿಮಣಿ ಮತ್ತು ಅಗ್ನಿಸುರಕ್ಷತೆ: ಹೊಗೆಗೂಡಿನ ಒಳಗೆ ಕಟ್ಟಿದ ಜಿಡ್ಡು ಬೆಂಕಿಗೆ ಇಂಧನವಾಗುತ್ತದೆ. ಹಾಸಿಗೆ ಬಿಟ್ಟು ಏಳಲಾಗದವರಿರುವ ಕಟ್ಟಡದಲ್ಲಿ ಇದರ ಪರಿಣಾಮ ಘೋರ. ಎಣ್ಣೆಯ ಬೆಂಕಿಗೆ ನೀರು ಸುರಿಯಬಾರದು. ಅದಕ್ಕೆಂದೇ ಇರುವ ತೇವ ರಾಸಾಯನಿಕ ನಂದಕ ಬೇಕು.

ವಿಶೇಷ ಆಹಾರಗಳ ತಯಾರಿ

ನುಂಗಲು ಕಷ್ಟಪಡುವವರಿಗೆ ಆಹಾರವನ್ನು ನುಣ್ಣಗೆ ರುಬ್ಬಿ ಕೊಡಲಾಗುತ್ತದೆ. ಇದರ ಗಾಢತೆಗೆ 0ರಿಂದ 7ರವರೆಗೆ ಎಂಟು ಮಟ್ಟಗಳ ಅಂತರರಾಷ್ಟ್ರೀಯ ಮಾನದಂಡವಿದೆ. ಬೆಂದ ಆಹಾರ ರುಬ್ಬುವಾಗ ತಣಿಯುತ್ತದೆ, ಯಂತ್ರದಿಂದ ಸೋಂಕು ಸೇರುವ ಸಾಧ್ಯತೆಯೂ ಇದೆ. ಹಾಗಾಗಿ ರುಬ್ಬಿದ ನಂತರ ಮತ್ತೆ ಬಿಸಿ ಮಾಡುತ್ತಾರೆ. ಮೂಗಿನ ನಳಿಕೆಯ ಮೂಲಕ ಕೊಡುವ ದ್ರವಾಹಾರಕ್ಕೆ ಪ್ರತ್ಯೇಕ ಮಿಕ್ಸಿ ಮತ್ತು ಪ್ರತ್ಯೇಕ ಜಾಗ ಬೇಕು. ಶಿಶುಗಳ ಪುಡಿಹಾಲು ಕ್ರಿಮಿರಹಿತವಲ್ಲ. ಅದರಲ್ಲಿ ಇರಬಹುದಾದ ಕ್ರೊನೊಬ್ಯಾಕ್ಟರ್ ರೋಗಾಣುವಿನ ಕಾರಣದಿಂದ ಕುದಿಸಿದ ನೀರು 70 ಡಿಗ್ರಿಗಿಂತ ಕಡಿಮೆಯಾಗುವ ಮೊದಲೇ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಬೆರೆಸಿದ ಹಾಲನ್ನು ಬೇಗ ತಣಿಸಿ, ಬಿಸಿ ನೋಡಿ ಕುಡಿಸಬೇಕು.

ಸಿಬ್ಬಂದಿ ಮತ್ತು ದಾಖಲೆ

ಭಾರತದ ನಿಯಮಗಳಂತೆ ಆಹಾರ ನಿರ್ವಹಿಸುವವರು ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆಗೆ ಒಳಗಾಗಬೇಕು, ಕರುಳಿನ ಸೋಂಕುಗಳ ವಿರುದ್ಧ ಲಸಿಕೆ ಪಡೆದಿರಬೇಕು. ವಾಂತಿ, ಭೇದಿ, ಜ್ವರ, ಕೈಯಲ್ಲಿ ಕೀವಿನ ಗಾಯ ಇರುವವರು ಅಡುಗೆ ಕೆಲಸದಿಂದ ದೂರವಿರಬೇಕು. ರಜೆ ಹಾಕಿದರೆ ಕೂಲಿ ಕಡಿತವಾಗುವಲ್ಲಿ ಕಾಯಿಲೆಯನ್ನು ಮುಚ್ಚಿಡುವ ಸಂಭವವಿರುವುದರಿಂದ ಸಂಬಳ ಸಹಿತ ರಜೆಯನ್ನೂ ನೈರ್ಮಲ್ಯ ಕ್ರಮವೆಂದು ಪರಿಗಣಿಸಲಾಗುತ್ತದೆ. ಆರೈಕೆ ಕೇಂದ್ರಗಳಲ್ಲಿ ಒಬ್ಬರೇ ಶುಶ್ರೂಷೆ, ಶೌಚಾಲಯದ ಸಹಾಯ ಮತ್ತು ಊಟ ಬಡಿಸುವ ಕೆಲಸ ಮಾಡುವುದುಂಟು. ಅಂಥಲ್ಲಿ ಮೇಲಂಗಿ ಬದಲಿಸಿ ಕೈ ತೊಳೆದ ನಂತರವಷ್ಟೇ ಅಡುಗೆಮನೆ ಪ್ರವೇಶಿಸಬೇಕು.

ಫ್ರಿಜ್ ತಾಪಮಾನ, ಬಡಿಸುವಾಗಿನ ತಾಪಮಾನ, ಶುಚಿಗೊಳಿಸಿದ ವಿವರ, ಯಂತ್ರಗಳ ದುರಸ್ತಿ, ಕೀಟ ನಿಯಂತ್ರಣ, ನೀರಿನ ಪರೀಕ್ಷೆ ಇವಿಷ್ಟಕ್ಕೂ ಪ್ರತ್ಯೇಕ ಪುಸ್ತಕಗಳಿರುತ್ತವೆ. ಕೆಟ್ಟ ಯಂತ್ರಕ್ಕೆ ‘ಬಳಸಬಾರದು’ ಎಂಬ ಚೀಟಿ ಅಂಟಿಸಿ, ಯಾರಿಗೆ ಯಾವಾಗ ತಿಳಿಸಲಾಯಿತು, ಯಾವಾಗ ಸರಿಯಾಯಿತು ಎಂದು ಬರೆಯಬೇಕು. ಪ್ರತಿ ಹೊತ್ತಿನ ಅಡುಗೆಯ ಮಾದರಿಯನ್ನು ಫ್ರಿಜ್‌ನಲ್ಲಿ ಕಾಯ್ದಿರಿಸುವ ರೂಢಿಯಿಂದ ಸೋಂಕು ಹರಡಿದಾಗ ಮೂಲ ಹುಡುಕಲು ಅನುಕೂಲ.

ಕಾನೂನು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006, ಲಾಭದ ಉದ್ದೇಶವಿರಲಿ ಇಲ್ಲದಿರಲಿ, ಸರ್ಕಾರಿಯಾಗಿರಲಿ ಖಾಸಗಿಯಾಗಿರಲಿ, ಆಹಾರ ಒದಗಿಸುವ ಉದ್ಯಮಗಳನ್ನು ‘ಆಹಾರ ವ್ಯವಹಾರ’ವೆಂದೇ ವ್ಯಾಖ್ಯಾನಿಸುತ್ತದೆ. ಧರ್ಮಾರ್ಥ ಸಂಸ್ಥೆ ಎಂಬ ಕಾರಣ ಮಾತ್ರದಿಂದ ವಿನಾಯಿತಿ ದೊರೆಯುವುದಿಲ್ಲ. 2011ರ ಪರವಾನಗಿ ಮತ್ತು ನೋಂದಣಿ ನಿಬಂಧನೆಗಳ 4ನೇ ಅನುಸೂಚಿ ನೈರ್ಮಲ್ಯದ ಅಗತ್ಯಗಳನ್ನು ವಿವರಿಸುತ್ತದೆ. ಅನೈರ್ಮಲ್ಯ ಸ್ಥಿತಿಯಲ್ಲಿ ಆಹಾರ ತಯಾರಿಸಿದರೆ ಕಾಯ್ದೆಯ 56ನೇ ಕಲಮಿನಡಿ 1 ಲಕ್ಷ ರೂಪಾಯಿಯವರೆಗೆ ದಂಡವಿದೆ. ಪ್ರಾಧಿಕಾರದ ತರಬೇತಿ ಕಾರ್ಯಕ್ರಮದಂತೆ 25 ಆಹಾರ ನಿರ್ವಾಹಕರಿಗೆ ಒಬ್ಬ ತರಬೇತಾದ ಮೇಲ್ವಿಚಾರಕರಿರಬೇಕು.

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007, ಜಿಲ್ಲೆಗೊಂದು ವೃದ್ಧಾಶ್ರಮದ ಅವಕಾಶ ಕಲ್ಪಿಸಿ, ಅಲ್ಲಿನ ಸೇವೆಗಳ ಗುಣಮಟ್ಟ ನಿಗದಿಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಸುರಕ್ಷಿತ, ನೈರ್ಮಲ್ಯಯುತ ಪರಿಸರ ಮತ್ತು ಪೌಷ್ಟಿಕ ಆಹಾರವನ್ನು ರೋಗಿಯ ಹಕ್ಕುಗಳಲ್ಲಿ ಸೇರಿಸಿದೆ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ 2010ರಲ್ಲಿ ಆರಂಭವಾದ 0ರಿಂದ 5ರವರೆಗಿನ ನೈರ್ಮಲ್ಯ ಅಂಕ ಪದ್ಧತಿ ಆರೈಕೆ ಗೃಹಗಳಿಗೂ ಅನ್ವಯಿಸುತ್ತಿದೆ. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಶುಶ್ರೂಷಾ ಗೃಹಗಳ ತಪಾಸಣೆಯಲ್ಲಿ ಅಡುಗೆಮನೆಯೂ ಸೇರಿದೆ.

ಇಂದಿನ ಸ್ಥಿತಿ

2011ರ ಜನಗಣತಿಯಲ್ಲಿ ಭಾರತದ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ ಇತ್ತು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ 2022ರಲ್ಲಿ ಅದು 14.9 ಕೋಟಿ ಎಂದೂ 2050ರ ವೇಳೆಗೆ 34.7 ಕೋಟಿ ಆಗಬಹುದೆಂದೂ ಅಂದಾಜಿಸಿದೆ. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗಾಗಿ 2015ರಲ್ಲಿ ಆರಂಭವಾದ ಕೇಂದ್ರದ ಕಾಯಕಲ್ಪ ಯೋಜನೆಯ ಮೌಲ್ಯಮಾಪನದಲ್ಲಿ ಅಡುಗೆಮನೆ ಸೇವೆಗೂ ಅಂಕಗಳಿವೆ. ಆಹಾರ ಪ್ರಾಧಿಕಾರದ ‘ಈಟ್ ರೈಟ್ ಕ್ಯಾಂಪಸ್’ ಪ್ರಮಾಣೀಕರಣ ಆಸ್ಪತ್ರೆಗಳಿಗೂ ತೆರೆದಿದೆ. ತಾಪಮಾನವನ್ನು ತಾನಾಗಿ ದಾಖಲಿಸಿ, ಮಿತಿ ಮೀರಿದಾಗ ಮೊಬೈಲಿಗೆ ಸೂಚನೆ ಕಳಿಸುವ ಸಾಧನಗಳು ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿವೆ. ಸಣ್ಣ ಆಶ್ರಮಗಳಿಗೆ ತಾಪಮಾಪಕ, ದಿನದ ಪಟ್ಟಿ ಮತ್ತು ಸಹಿ ಹಾಕಿದ ದಾಖಲೆ ಪುಸ್ತಕ ಕಡಿಮೆ ಖರ್ಚಿನ ಮೂಲ ಸಾಧನಗಳಾಗಿವೆ.